ಓದುವ ಸುಖ ಯಾರ ಸೊತ್ತು?



ಕೂಲಿಯ ದರ, ಬಗರ್‌ಹುಕುಂ ಅರ್ಜಿ, ಪಂಚಾಯಿತಿಯ ಕಾರುಬಾರು ಮೊದಲಾದ ವಿಷಯಗಳು ಈ ಪುಟದಲ್ಲಿ ವಾರವಾರವೂ ಬರುತ್ತಲೇ ಇರುತ್ತವೆ. ಈ ಒಂದು ವಾರ ಅವುಗಳನ್ನು ಬದಿಗಿಟ್ಟು ಪುಸ್ತಕಗಳ ವಿಚಾರವಾಗಿ ನಾಲ್ಕು ಮಾತು ಬರೆಯಲು ಸಂಪಾದಕರ ಅಪ್ಪಣೆ ಪಡೆದಿದ್ದೇನೆ. ಇದು ಪಂಡಿತರ ವಿಮರ್ಶೆಯಲ್ಲ. ಮೆಟ್ರಿಕ್‌ವರೆಗೆ ಓದಿ, ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿ, ಈಗ ಊರೂರು ತಿರುಗುತ್ತಿರುವವನೊಬ್ಬನು ತಾನು ಓದಿ ಸುಖಪಟ್ಟ ಪುಸ್ತಕಗಳನ್ನು ನಿಮ್ಮ ಕೈಗೂ ದಾಟಿಸಬೇಕೆಂದು ಬರೆದದ್ದು, ಅಷ್ಟೇ.

ಕಳೆದ ಮಳೆಗಾಲದಲ್ಲಿ ಮಂಡಿಯ ಹಮಾಲಿಯೊಬ್ಬ ನಮ್ಮ ಕಛೇರಿಗೆ ಬಂದು, "ಮೇಷ್ಟ್ರೇ, ಓದಕ್ಕೆ ಒಂದು ಪುಸ್ತಕ ಕೊಡಿ. ಆದ್ರೆ ನಿಮ್ಮ ಬೀರುವಿನ ಪುಸ್ತಕ ಬ್ಯಾಡ, ಅವು ನಿದ್ದೆ ತರಿಸ್ತವೆ" ಎಂದ. ಅಲ್ಲಿದ್ದ ಕಾರ್ಯಕರ್ತರೊಬ್ಬರಿಗೆ ಸಿಟ್ಟು ಬಂತು. "ನಿನಗೆ ಮಜಾ ಬೇಕೇನೋ? ತಿಳುವಳಿಕೆ ಬೇಡವೋ?" ಎಂದು ಗದರಿಸಿದರು. ಪಾಪ, ಆತ ತಲೆ ಕೆರೆದುಕೊಂಡು ಹೊರಟುಹೋದ. ಆತ ಕೇಳಿದ್ದರಲ್ಲಿ ತಪ್ಪೇನಿತ್ತು? ಬೆಳಗಿನಿಂದ ಸಂಜೆಯವರೆಗೆ ಮೂಟೆ ಹೊತ್ತವನಿಗೆ ರಾತ್ರಿ ಅರ್ಧ ಗಂಟೆ ಮನಸ್ಸು ಅರಳಬೇಕೆಂಬ ಆಸೆ ಇರಬಾರದೇ?

ನಮ್ಮ ಬೀರುವಿನಲ್ಲಿರುವ ಪುಸ್ತಕಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಅವುಗಳ ಕೆಲಸ ಅವುಗಳಿಗಿದೆ. ಆದರೆ ಬಡವನ ಕೈಗೆ ಪುಸ್ತಕ ಬರುವಾಗಲೆಲ್ಲ ಅದು ಔಷಧದ ಶೀಶೆಯಂತೆಯೇ ಬರುತ್ತದೆ ಎಂಬುದು ಸುಳ್ಳೇ? ಶಾಲೆಯಲ್ಲಿ ಪಾಠವಾಗಿ ಬಂತು, ಕೊನೆಗೆ 'ಈ ಪಾಠದಿಂದ ತಿಳಿದುಬರುವ ನೀತಿಯೇನು?' ಎಂಬ ಪ್ರಶ್ನೆ ಬಾಲದಂತೆ ಅಂಟಿಕೊಂಡಿತ್ತು. ಆ ಪ್ರಶ್ನೆಯನ್ನು ಬೋರ್ಡಿನ ಮೇಲೆ ನಾನೇ ಎಷ್ಟೋ ಸಲ ಬರೆದಿದ್ದೇನೆ. ದೊಡ್ಡವನಾದ ಮೇಲೆ ಸರಕಾರದ ಇಲಾಖೆಯವರು ಕರಪತ್ರ ಕೊಟ್ಟರು: ಕುಡಿಯಬೇಡ, ಉಳಿತಾಯ ಮಾಡು, ಕೈ ತೊಳೆ. ಆಮೇಲೆ ನಾವು ಬಂದೆವು, ನಮ್ಮ ಕರಪತ್ರ ಕೊಟ್ಟೆವು. ಸುಮ್ಮನೆ ಕುಳಿತು, ಕಾಲು ಚಾಚಿ, ನಕ್ಕು, ಅತ್ತು, ಮುಂದೇನಾಯಿತೋ ಎಂದು ಪುಟ ತಿರುಗಿಸುವ ಸುಖ ಮಾತ್ರ ಆರಾಮಕುರ್ಚಿ ಇರುವವರ ಸೊತ್ತಾಗಿಯೇ ಉಳಿಯಿತು. ಭೂಮಿಯ ಹಂಚಿಕೆಯ ಮಾತನಾಡುವ ನಾವು ಈ ಸುಖದ ಹಂಚಿಕೆಯ ಮಾತನ್ನೂ ಆಡಬೇಡವೇ?

ಹಾಗೆ ನೋಡಿದರೆ ಈ ಸುಖ ಹಳ್ಳಿಗೆ ಹೊಸದೇನೂ ಅಲ್ಲ. ಅಕ್ಷರ ಬಾರದ ಕಾಲದಲ್ಲಿಯೇ ನಮ್ಮ ಹಿರಿಯರು ಅದನ್ನು ಕಿವಿಯಿಂದ ಉಂಡವರು. ಮಳೆಗಾಲದ ರಾತ್ರಿಗಳಲ್ಲಿ ಜಗಲಿಯ ಮೇಲೆ ಕುಳಿತು ಒಬ್ಬರು ಗದುಗಿನ ಭಾರತವನ್ನೋ ಜೈಮಿನಿ ಭಾರತವನ್ನೋ ಓದುವುದು, ಉಳಿದವರು ಅಡಿಕೆ ಸುಲಿಯುತ್ತಲೋ ಹಗ್ಗ ಹೊಸೆಯುತ್ತಲೋ ಕೇಳುವುದು ಮಲೆನಾಡಿನಲ್ಲೂ ಬಯಲಿನಲ್ಲೂ ವಾಡಿಕೆಯಾಗಿತ್ತು. ಜೈಮಿನಿಯಲ್ಲಿ ಬರುವ ಚಂದ್ರಹಾಸನ ಕಥೆಯನ್ನು ನೆನೆಯಿರಿ. ದುಷ್ಟಬುದ್ಧಿ ಎಂಬ ಮಂತ್ರಿ ಅನಾಥ ಹುಡುಗನ ಕೈಗೇ ಓಲೆ ಕೊಟ್ಟು ಕಳಿಸುತ್ತಾನೆ. ಬಂದವನಿಗೆ ವಿಷ ಕೊಡಬೇಕೆಂದು ಅದರಲ್ಲಿ ಬರೆದಿದೆ. ಹುಡುಗ ತೋಟದಲ್ಲಿ ನಿದ್ದೆ ಹೋಗಿರುವಾಗ ಮಂತ್ರಿಯ ಮಗಳು ವಿಷಯೆ ಆ ಓಲೆಯನ್ನು ನೋಡಿ ಅಕ್ಷರ ತಿದ್ದುತ್ತಾಳೆ. ವಿಷ ಹೋಗಿ ವಿಷಯೆಯಾಗುತ್ತದೆ, ಕೊಲೆಯಾಗಬೇಕಾದವನಿಗೆ ಮದುವೆಯಾಗುತ್ತದೆ! ವಯಸ್ಕರ ಶಿಕ್ಷಣದ ತರಗತಿಯಲ್ಲಿ ನಾನು ಈ ಕಥೆ ಹೇಳಿದಾಗ, ಅಲ್ಲಿಯವರೆಗೆ 'ಅ ಆ'ಗೆ ಆಕಳಿಸುತ್ತಿದ್ದವರು ಸೆಟೆದು ಕೂತರು. ಅಕ್ಷರದ ಮಹಿಮೆಯ ಮೇಲೆ ಒಂದು ಗಂಟೆ ಭಾಷಣ ಮಾಡಿದ್ದರೆ ಹಾಗಾಗುತ್ತಿತ್ತೇ?

ಜಗಲಿಯ ಓದು ನಿಂತಿತು. ಅದರ ಜಾಗಕ್ಕೆ ಏನು ಬಂದಿದೆಯೆಂಬುದನ್ನು ಪ್ರತಿಯೊಬ್ಬರ ಅಂಗೈಯಲ್ಲಿ ಮಿನುಗುವ ಫೋನಿನಲ್ಲಿ ನೋಡಬಹುದು. ಅದನ್ನು ಬೈಯುತ್ತ ಕೂರಲು ನನಗೆ ಪುರುಸೊತ್ತಿಲ್ಲ.

ಕೆಲಸಗಾರನೂ ಪುಸ್ತಕವೂ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗವಿದೆ. ಮ್ಯಾಕ್ಸಿಮ್ ಗಾರ್ಕಿಯ ಹೆಸರು ನಮ್ಮವರಿಗೆಲ್ಲ ಗೊತ್ತು. ಅವನ 'ತಾಯಿ' ಕಾದಂಬರಿಯನ್ನು ನಿರಂಜನರು ಕನ್ನಡಕ್ಕೆ ತಂದಿದ್ದಾರೆ. ನಮ್ಮ ಬೀರುವಿನಲ್ಲಿಯೂ ಅದು ಇದೆ. ಆದರೆ ಅದಕ್ಕಿಂತ ಅವನು ಮೂರು ಭಾಗಗಳಲ್ಲಿ ಬರೆದ ಆತ್ಮಕಥೆ ನನಗೆ ಹೆಚ್ಚು ರುಚಿಸಿತು. ಹುಡುಗನಾಗಿದ್ದಾಗ ಅವನು ವೋಲ್ಗಾ ನದಿಯ ಹಡಗೊಂದರಲ್ಲಿ ಪಾತ್ರೆ ತಿಕ್ಕುವ ಕೆಲಸಕ್ಕಿದ್ದ. ಅಲ್ಲಿಯ ಅಡಿಗೆಯವನು ಸ್ಮೂರಿ ಎಂಬ ಭಾರೀ ಆಳು. ಹಿಂದೆ ಸೈನ್ಯದಲ್ಲಿದ್ದವನು, ಒರಟ. ಅವನ ಹತ್ತಿರ ಒಂದು ಪೆಟ್ಟಿಗೆ ತುಂಬ ಪುಸ್ತಕಗಳು! ಹುಡುಗನನ್ನು ಕೂರಿಸಿಕೊಂಡು ಓದೆನ್ನುತ್ತಿದ್ದ. ಓದುವಷ್ಟು ಹೊತ್ತು ಹುಡುಗನ ಪಾಲಿನ ಪಾತ್ರೆಗಳನ್ನು ಬೇರೆಯವರು ತಿಕ್ಕಬೇಕು, ಅವರು ಗೊಣಗಿದರೂ ಸರಿಯೇ. ಗೊಗೋಲನ 'ತಾರಾಸ್ ಬುಲ್ಬಾ' ಓದಿಸಿಕೊಂಡಾಗ ಆ ದೈತ್ಯ ಕಣ್ಣೀರಿಟ್ಟು ಅತ್ತನಂತೆ. ಮುಂದೆ ಹುಡುಗ ಇನ್ನೊಂದು ಮನೆಯಲ್ಲಿ ಚಾಕರಿಗಿದ್ದಾಗ ರಾತ್ರಿ ದೀಪ ಹಚ್ಚಲು ಅಪ್ಪಣೆಯಿಲ್ಲ. ತಾಮ್ರದ ಪಾತ್ರೆಯೊಂದನ್ನು ಹಿಡಿದು ಬೆಳದಿಂಗಳನ್ನು ಪುಟದ ಮೇಲೆ ಬೀಳಿಸಿಕೊಂಡು ಓದಲು ನೋಡಿದ. ಇವನನ್ನು ಹೀಗೆ ಹುಚ್ಚು ಹಿಡಿಸಿದ ಪುಸ್ತಕಗಳಲ್ಲಿ ಎಷ್ಟೋ ಬರಿಯ ಸಾಹಸದ, ಪ್ರಣಯದ ಕಥೆಗಳು. ಅವುಗಳಿಂದಲೇ ಅವನು ಗಾರ್ಕಿಯಾಗುವ ದಾರಿ ಹಿಡಿದ.

ಇದು ರಷ್ಯದ ಮಾತಾಯಿತೆನ್ನುವವರು ನಮ್ಮ ಪಕ್ಕದ ಕೇರಳವನ್ನು ನೋಡಲಿ. ಕಣ್ಣೂರು ಸೀಮೆಯ ಬೀಡಿ ಕಾರ್ಖಾನೆಗಳಲ್ಲಿ ಒಬ್ಬರು ಗಟ್ಟಿಯಾಗಿ ಪತ್ರಿಕೆಯನ್ನೋ ಕಾದಂಬರಿಯನ್ನೋ ಓದುವುದು, ಉಳಿದವರು ಬೀಡಿ ಸುತ್ತುತ್ತ ಕೇಳುವುದು, ಓದಿದವರ ಕೂಲಿ ಖೋತಾ ಆಗದಂತೆ ಅವರ ಪಾಲಿನ ಬೀಡಿಗಳನ್ನು ಉಳಿದವರು ಸುತ್ತಿಕೊಡುವುದು ದಶಕಗಳ ಕಾಲ ನಡೆದುಬಂದ ಪದ್ಧತಿ. ಸ್ಮೂರಿ ಗದರಿಸಿ ಮಾಡಿಸಿದ್ದನ್ನು ಇವರು ತಾವಾಗಿಯೇ ಒಪ್ಪಿ ಮಾಡಿದರು.

ಇನ್ನು ಪುಸ್ತಕಗಳ ಮಾತಿಗೆ ಬರುತ್ತೇನೆ.

ಓದಿ ಅಭ್ಯಾಸವೇ ಇಲ್ಲದವರಿಗೆ ನಾನು ಮೊದಲು ಕೊಡುವುದು ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಚಿತ್ರಗಳು'. ಗೊರೂರು ಎಂದರೆ ಇಂದಿನವರಿಗೆ ಹೇಮಾವತಿಯ ಅಣೆಕಟ್ಟು ನೆನಪಾಗುತ್ತದೆ. ಆ ಊರಿನಿಂದ ಬಂದ ಈ ಗಾಂಧೀವಾದಿ 1904ರಲ್ಲಿ ಹುಟ್ಟಿ 1991ರವರೆಗೆ ಬದುಕಿದ್ದರು. 1974ರ 'ಭೂತಯ್ಯನ ಮಗ ಅಯ್ಯು' ಚಲನಚಿತ್ರವನ್ನು ನೋಡದವರು ನಮ್ಮಲ್ಲಿ ಕಡಿಮೆ. ಅದಕ್ಕೆ ಮೂಲ ಇವರ ಕಥೆಯೇ ಎಂದು ತಿಳಿದವರು ಇನ್ನೂ ಕಡಿಮೆ! ಇವರ ಬರಹದಲ್ಲಿ ದೊಡ್ಡ ಘಟನೆ ಏನೂ ಆಗುವುದಿಲ್ಲ. ಊರಿನವರು ಮಾತಾಡುತ್ತಾರೆ, ಜಗಳವಾಡುತ್ತಾರೆ, ಒಬ್ಬರನ್ನೊಬ್ಬರು ಏಮಾರಿಸುತ್ತಾರೆ, ಮತ್ತೆ ಒಂದಾಗುತ್ತಾರೆ. ಓದಿ ಹೇಳಿದರೆ ಕೇಳುವವರು, "ಇವನು ನಮ್ಮೂರಿನ ಇಂಥವನೇ" ಎಂದು ಹೆಸರು ಹಿಡಿದು ಹೇಳತೊಡಗುತ್ತಾರೆ. ಒಂದು ಆಕ್ಷೇಪಣೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಹಳ್ಳಿಯ ಕೇರಿಯ ಕಡೆ ಅವರ ಕಣ್ಣು ಅಷ್ಟಾಗಿ ಹೊರಳುವುದಿಲ್ಲ. ಜಗಲಿಯ ಮೇಲಿನಿಂದ ಕಂಡ ಹಳ್ಳಿ ಅದು. ಹಾಗೆಂದು ನಗುವನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ.

ಕೇರಿಯ ಕಡೆಯಿಂದ ಕಂಡ ಊರು ಬೇಕಾದವರು ಸಿದ್ಧಲಿಂಗಯ್ಯನವರ 'ಊರುಕೇರಿ' ಓದಬೇಕು. ಕವಿ ಸಿದ್ಧಲಿಂಗಯ್ಯನವರು ಮಾಗಡಿ ಸೀಮೆಯ ಮಂಚನಬೆಲೆಯವರು. 2021ರಲ್ಲಿ ಮಹಾಮಾರಿ ಅವರನ್ನು ಕೊಂಡೊಯ್ದಿತು. ಈ ಆತ್ಮಕಥೆಯ ಮೊದಲ ಭಾಗ 1996ರಲ್ಲಿ ಬಂತು. ಆರಂಭದಲ್ಲಿಯೇ ಒಂದು ನೋಟವಿದೆ: ಎತ್ತುಗಳ ಬದಲು ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳುತ್ತಿದ್ದಾರೆ, ನೋಡುತ್ತಿರುವ ಹುಡುಗನ ತಂದೆಯೂ ಆ ಇಬ್ಬರಲ್ಲಿ ಒಬ್ಬ. ಇದನ್ನು ಓದಿದವನು ಮುಂದೆ ಪುಸ್ತಕವೆಲ್ಲ ಕಣ್ಣೀರು ಎಂದುಕೊಂಡರೆ ಮೋಸಹೋದ! ಪುಟಪುಟಕ್ಕೂ ನಗು. ದೆವ್ವಗಳ ಕಥೆ, ಹಾಸ್ಟೆಲಿನ ಕಥೆ, ಸಭೆ ಭಾಷಣಗಳ ಫಜೀತಿ, ಬೆಂಗಳೂರಿನ ಸ್ಮಶಾನದಲ್ಲಿ ಹೋಗಿ ಕೂರುತ್ತಿದ್ದ ಕಥೆ. ಇಷ್ಟು ನೋವುಂಡವನು ತನ್ನನ್ನೂ ಸೇರಿಸಿಕೊಂಡು ಎಲ್ಲರನ್ನೂ ನಗುತ್ತಾನಲ್ಲ, ಆ ನಗುವಿನ ಎದುರು ಜಾತಿಯ ದೊಡ್ಡಸ್ತಿಕೆ ನಿಲ್ಲುವುದಿಲ್ಲ. ಸಣ್ಣ ಸಣ್ಣ ಪ್ರಸಂಗಗಳಾದ್ದರಿಂದ ಬಸ್ಸಿಗೆ ಕಾಯುತ್ತ ಓದಲಿಕ್ಕೂ ಅನುಕೂಲ. ಮೇಲೆ ಹೇಳಿದ ಹಮಾಲಿಗೆ ನಾನು ಮರುದಿನ ಹುಡುಕಿಕೊಂಡು ಹೋಗಿ ಕೊಟ್ಟದ್ದು ಇದನ್ನೇ. ಪುಸ್ತಕ ಇನ್ನೂ ವಾಪಸು ಬಂದಿಲ್ಲ. ಮಂಡಿಯಲ್ಲಿ ಅದು ಐದನೆಯ ಕೈಯಲ್ಲಿದೆಯೆಂದು ತಿಳಿದುಬಂತು.

ಸುಖ ಎಂದರೆ ನಗು ಒಂದೇ ಎಂದು ಯಾರೂ ತಿಳಿಯಬಾರದು. ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಯಾರಾದರೂ ಮಜಾ ಪುಸ್ತಕವೆನ್ನುವರೇ? 1933ರಲ್ಲಿ ಬಂದ ಸಣ್ಣ ಕಾದಂಬರಿ. ಒಂದೆರಡು ರಾತ್ರಿಯಲ್ಲಿ ಗಟ್ಟಿಯಾಗಿ ಓದಿ ಮುಗಿಸಬಹುದು. ಅಸ್ಪೃಶ್ಯನಾದ ಚೋಮ ಒಂದು ಜೊತೆ ಎತ್ತು ಸಾಕಿಕೊಂಡಿದ್ದಾನೆ. ತಾನೂ ಒಂದು ತುಂಡು ನೆಲ ಉಳಬೇಕು, ಅದೊಂದೇ ಆಸೆ. ಧಣಿ ಸಂಕಪ್ಪಯ್ಯನ ಮನಸ್ಸು ಕರಗಿದರೂ ಅವನ ತಾಯಿ ಒಪ್ಪುವುದಿಲ್ಲ. ಕಾಫಿ ತೋಟದ ಸಾಲ, ಜ್ವರ, ಮಕ್ಕಳ ಸಾವು ಎಲ್ಲವೂ ಒಂದರ ಮೇಲೊಂದು ಬರುತ್ತವೆ. ಚೋಮ ದುಡಿ ಬಾರಿಸುತ್ತಾನೆ. ಸಿಟ್ಟಿಗೂ ಅದೇ, ಸಂತೋಷಕ್ಕೂ ಅದೇ. ಬಿ. ವಿ. ಕಾರಂತರು 1975ರಲ್ಲಿ ಮಾಡಿದ ಚಿತ್ರವನ್ನು ನೋಡಿದವರೂ ಪುಸ್ತಕ ಓದಬೇಕು. ಆ ದುಡಿಯ ಸದ್ದು ಪುಟದಲ್ಲಿಯೇ ಹೆಚ್ಚು ಕೇಳುತ್ತದೆಂದು ನನ್ನ ಅಭಿಪ್ರಾಯ. ಉಳುವವನಿಗೆ ನೆಲ ಎಂಬ ಮಾತನ್ನು ನಾವು ಸಾವಿರ ಸಲ ಕೂಗಿದ್ದೇವೆ. ಕೂಗಿಗೆ ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೊಂದು ಹೆಸರಿದೆ, ಬೆಳ್ಳಿ ಎಂಬ ಮಗಳಿದ್ದಾಳೆ ಎಂಬುದನ್ನು ಈ ಪುಸ್ತಕ ಮರೆಯಲು ಬಿಡುವುದಿಲ್ಲ.

ಹೆಂಗಸರು ಕೂಡಿದಲ್ಲಿ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಓದಿ. ತೀರ್ಥಹಳ್ಳಿ ಸೀಮೆಯ ಕಥೆ, ಬಾಲವಿಧವೆಯೊಬ್ಬಳ ದೀರ್ಘ ಜೀವನ. ಅಜ್ಜಿ ಒಲೆಯ ಮುಂದೆ ಕೂತು ಹೇಳಿದಂತಿದೆ. ಎಲ್ಲಿಯೂ ದನಿ ಏರಿಸುವುದಿಲ್ಲ. ದಾಕ್ಷಾಯಣಿ ಎಂಬ ಹುಡುಗಿ ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದು ನಿಂತಾಗ, ಆಚಾರದಲ್ಲಿಯೇ ಜೀವ ತೇಯ್ದ ಮುದುಕಿ ಯಾರ ಪಕ್ಷ ವಹಿಸುತ್ತಾಳೆಂಬುದನ್ನು ಓದಿಯೇ ತಿಳಿಯಬೇಕು.

ಈಗ ನನ್ನ ಅತ್ಯಂತ ಮೆಚ್ಚಿನದು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ', 1980ರದು. 'ಅಬಚೂರಿನ ಪೋಸ್ಟಾಫೀಸು' ಎಂಬ ಕಥಾಸಂಗ್ರಹದ ಮುನ್ನುಡಿಯಲ್ಲಿ ತೇಜಸ್ವಿಯವರು ಲೋಹಿಯಾ, ಕುವೆಂಪು, ಕಾರಂತ ಈ ಮೂವರ ಋಣವನ್ನು ಬಾಯಿಬಿಟ್ಟು ಒಪ್ಪಿಕೊಂಡವರು. ಆದರೆ 'ಕರ್ವಾಲೊ'ದಲ್ಲಿ ಲೋಹಿಯಾರ ಹೆಸರು ಹುಡುಕುತ್ತ ಹೋದರೆ ಸಿಕ್ಕುವುದು ಹಾರುವ ಓತಿ! ಮೂಡಿಗೆರೆಯ ಕಾಡಿನಲ್ಲಿ ಲಕ್ಷಾಂತರ ವರ್ಷಗಳಷ್ಟು ಹಳೆಯ ಒಂದು ಪ್ರಾಣಿ ಇನ್ನೂ ಬದುಕಿದೆಯೆಂಬ ಸುಳಿವು ಹಿಡಿದು ಒಂದು ವಿಚಿತ್ರ ದಂಡು ಹೊರಡುತ್ತದೆ. ಮುಂದಾಳು ಕರ್ವಾಲೊ ಎಂಬ ವಿಜ್ಞಾನಿ. ಜೊತೆಗೆ ಜೇನು ಕೀಳುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಫೋಟೋ ತೆಗೆಯುವ ಪ್ರಭಾಕರ, ಪ್ಯಾರ, ಕಿವಿ ಎಂಬ ನಾಯಿ. ಊರಿನವರ ದೃಷ್ಟಿಯಲ್ಲಿ ಮಂದಣ್ಣ ಕೆಲಸಕ್ಕೆ ಬಾರದವನು. ಮದುವೆಯಾಗಬೇಕು, ಎಲ್ಲಾದರೂ ಒಂದು ನೌಕರಿ ಸಿಗಬೇಕು, ಇಷ್ಟೇ ಅವನ ಚಿಂತೆ. ಅವನ ಕಣ್ಣಿಗೆ ಕಾಡಿನಲ್ಲಿ ಕಾಣುವುದು ಬೇರೆ ಯಾರಿಗೂ ಕಾಣುವುದಿಲ್ಲವೆಂದು ಕಂಡುಕೊಂಡವನು ಕರ್ವಾಲೊ ಒಬ್ಬನೇ. ಆತ ಈ ಹಳ್ಳಿಗನನ್ನು ಸರಿಸಮನಾಗಿ ನಡೆಸಿಕೊಳ್ಳುತ್ತಾನೆ. ಇದಕ್ಕಾಗಿ ಎಲ್ಲಿಯೂ ಒಂದು ವಾಕ್ಯದ ಉಪದೇಶವಿಲ್ಲ. ಓದುತ್ತ ಹೊಟ್ಟೆ ಹುಣ್ಣಾಗುವಂತೆ ನಗುತ್ತೀರಿ, ಕೊನೆಯಲ್ಲಿ ಬಂಡೆಯ ಅಂಚಿನಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತೀರಿ. ನಾನು ಇದನ್ನು ಎಷ್ಟು ಸಲ ಓದಿದ್ದೇನೆಂದು ಹೇಳಿದರೆ ಪಕ್ಷದ ಕೆಲಸ ಯಾವಾಗ ಮಾಡುತ್ತಿ ಎಂದು ಕೇಳಿಯಾರು.

ದೊಡ್ಡ ಪುಸ್ತಕಕ್ಕೆ ಹೆದರುವವರಿಗೆ ಒಂದು ಮಾತು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂದದ್ದು. ಅದರ ಗಾತ್ರ ನೋಡಿ ಓದು ಬಲ್ಲವರೂ ಹಿಂದೆ ಸರಿಯುತ್ತಾರೆ. ಆದರೆ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು ಅದನ್ನು ಇಡೀ ರಾತ್ರಿಯ ನಾಟಕವಾಗಿ ಆಡಿಸಿದಾಗ ಜನ ಬೆಳಗಾಗುವವರೆಗೆ ಕದಲದೆ ಕೂತರು. ಗಾತ್ರಕ್ಕೆ ಹೆದರುವವರು ಜನರಲ್ಲ, ಜನರ ಪರವಾಗಿ ನಿರ್ಧಾರ ಮಾಡುವವರು. ಓದುವ ಉಪಾಯ ಹೇಳುತ್ತೇನೆ: ಪಾತ್ರಗಳ ಹೆಸರು, ಊರು, ಸಂಬಂಧಗಳೆಲ್ಲ ಮೊದಲು ನೆನಪಿರಲೇಬೇಕೆಂದು ಹಟ ಹಿಡಿಯಬೇಡಿ. ನಾಯಿಗುತ್ತಿಯ ಹಿಂದೆ ಹೋಗಿ. ಜೀತದಾಳು ಗುತ್ತಿ, ಅವನ ನಾಯಿ ಹುಲಿಯ, ಅವನು ಹಾರಿಸಿಕೊಂಡು ಬರಬೇಕೆಂದಿರುವ ತಿಮ್ಮಿ. ಈ ಮೂವರ ಬೆನ್ನು ಹತ್ತಿದರೆ ಉಳಿದ ಮನೆಗಳ ಬಾಗಿಲು ತಾವಾಗಿ ತೆರೆದುಕೊಳ್ಳುತ್ತವೆ. ತುಂಗೆಯ ದಡದಲ್ಲಿ ಹುಲಿಯನಿಗೆ ಏನಾಯಿತೆಂದು ನಾನು ಹೇಳಲಾರೆ. ಕನ್ನಡದ ಮಹಾಕವಿ ತನ್ನ ಕಾದಂಬರಿಯ ಕೊನೆಯ ಭಾಗದ ಅಷ್ಟು ಸಂಕಟವನ್ನು ಒಬ್ಬ ಜೀತದಾಳಿನ ನಾಯಿಗೆ ಮೀಸಲಿಟ್ಟ ಎಂಬುದನ್ನಷ್ಟು ಗಮನಿಸಿ.

ನಮ್ಮ ವಿಚಾರಕ್ಕೆ ನೇರವಾಗಿ ಸಂಬಂಧಪಟ್ಟ ಪುಸ್ತಕವೇ ಬೇಕೆನ್ನುವವರಿಗೆ ನಿರಂಜನರ 'ಚಿರಸ್ಮರಣೆ' ಇದೆ. ಕಯ್ಯೂರಿನ ರೈತರ ಹೋರಾಟ, 1943ರ ಮಾರ್ಚಿಯಲ್ಲಿ ಗಲ್ಲಿಗೇರಿದ ನಾಲ್ವರು ತರುಣರು. ಇದನ್ನೂ ನಾನು ಶಿಫಾರಸು ಮಾಡುವುದು ವಿಷಯದ ಘನತೆಗಾಗಿ ಮಾತ್ರವಲ್ಲ, ಕಥೆ ಹಿಡಿದು ಕೂರಿಸುತ್ತದೆ ಎಂಬುದಕ್ಕಾಗಿ. ಹೋರಾಟದ ಮೇಲೆ ಬರೆದ ಕಾದಂಬರಿಗಳೆಲ್ಲ ಹೀಗಿಲ್ಲ. ಕೆಲವಂತೂ ನಾಯಕ ಬಾಯಿ ತೆರೆದರೆ ಮೂರು ಪುಟದ ಭಾಷಣ, ಧಣಿ ಬಾಯಿ ತೆರೆದರೆ ಹಲ್ಲು ಕಡಿಯುವ ಸದ್ದು. ಹೆಸರು ಹೇಳಿ ಸ್ನೇಹಿತರ ಮನಸ್ಸು ನೋಯಿಸುವುದಿಲ್ಲ.

ಪತ್ತೇದಾರಿ ಕಾದಂಬರಿಯ ವಿಚಾರವಾಗಿಯೂ ನನಗೆ ಮಡಿಮೈಲಿಗೆಯಿಲ್ಲ. ಎನ್. ನರಸಿಂಹಯ್ಯನವರು 1950ರ ದಶಕದಿಂದ ಪತ್ತೇದಾರ ಪುರುಷೋತ್ತಮನಂಥವರ ಸಾಹಸಗಳನ್ನು ನೂರಾರು ಪುಸ್ತಕಗಳಲ್ಲಿ ಬರೆದರು. ಬಾಡಿಗೆ ಪುಸ್ತಕದ ಅಂಗಡಿಗಳು ಅವುಗಳಿಂದ ಬದುಕಿದವು, ಕನ್ನಡ ಓದುವ ರೂಢಿ ಎಷ್ಟೋ ಮನೆಗಳಿಗೆ ಅವುಗಳಿಂದ ಹೊಕ್ಕಿತು. ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದ ಹುಡುಗನಿಗೆ ಎರಡನೆಯದು ಕೊಡುವುದು ಸುಲಭ. ಮೊದಲನೆಯದನ್ನೇ ಅರ್ಧಕ್ಕೆ ಬಿಟ್ಟವನನ್ನು ಮತ್ತೆ ಹಿಡಿದು ತರುವುದು ಎಷ್ಟು ಕಷ್ಟವೆಂಬುದು ಮೇಷ್ಟ್ರಾಗಿದ್ದವರಿಗೆ ಗೊತ್ತು.

"ಕಾದಂಬರಿ ಓದಿದರೆ ಕೂಲಿ ಹೆಚ್ಚುತ್ತದೆಯೇ?" ಎಂದು ನಮ್ಮವರೇ ಕೇಳುವುದುಂಟು. ಹೆಚ್ಚುವುದಿಲ್ಲ. ನಾಟಿ ಮಾಡುವಾಗ ಹಾಡಿದರೂ ಕೂಲಿ ಹೆಚ್ಚುವುದಿಲ್ಲ. ಆದರೂ ಹೆಂಗಸರು ಹಾಡುತ್ತಾರೆ, ಹಾಡಬೇಡಿರೆಂದು ಹೇಳುವ ಮೇಸ್ತ್ರಿಯನ್ನು ನಾವು ಒಳ್ಳೆಯವನೆನ್ನುವುದಿಲ್ಲ. ಕೂಲಿ ಹೆಚ್ಚಿಸಬೇಕಾದದ್ದು ಸಂಘ. ಸಂಘದಿಂದ ಗಳಿಸಿದ ಎರಡು ಗಂಟೆಯ ಬಿಡುವನ್ನು ಆಳು ಏನು ಮಾಡಿಕೊಳ್ಳಬೇಕು ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿರಬೇಡವೇ?

ಪುಸ್ತಕಕ್ಕೆ ದುಡ್ಡೆಲ್ಲಿ ಎಂಬ ಪ್ರಶ್ನೆ ಉಳಿಯಿತು. ದುಡ್ಡನ್ನು ನೀವು ಆಗಲೇ ಕೊಟ್ಟಿದ್ದೀರಿ. ಮನೆಗಂದಾಯದ ರಶೀದಿಯನ್ನು ತೆಗೆದು ನೋಡಿ. ಗ್ರಂಥಾಲಯ ಕರ ಎಂಬ ಬಾಬು ಅದರಲ್ಲಿರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಮೇರೆಗೆ ವಸೂಲು ಮಾಡುವ ಕರ ಅದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರವೆಂದು ಹೆಸರಿಟ್ಟಿದ್ದಾರೆ. ಅಲ್ಲಿ ಹೋಗಿ ಮೇಲಿನ ಪುಸ್ತಕಗಳನ್ನು ಹೆಸರು ಹಿಡಿದು ಕೇಳಿ. ಇಲ್ಲವೆಂದರೆ ತರಿಸಿರೆಂದು ಬರೆದುಕೊಡಿ, ಬರೆದುಕೊಟ್ಟದ್ದಕ್ಕೆ ನಕಲು ಇಟ್ಟುಕೊಳ್ಳಿ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳನ್ನೇ ತೋರಿಸಿ ಸಾಗಹಾಕಿದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ನಮ್ಮ ಕಛೇರಿಯ ಜಗಲಿಯಲ್ಲಿ ಪ್ರತಿ ಶುಕ್ರವಾರ ರಾತ್ರಿ ಎಂಟಕ್ಕೆ ಗಟ್ಟಿ ಓದು ಆರಂಭಿಸಬೇಕೆಂದು ತೀರ್ಮಾನಿಸಿದೆ. ಮೊದಲು 'ಕರ್ವಾಲೊ'. ಸದಸ್ಯತ್ವ ಬೇಕಿಲ್ಲ, ಚಂದಾ ಇಲ್ಲ, ಓದು ಮುಗಿದ ಮೇಲೆ ಭಾಷಣವೂ ಇಲ್ಲ. ಇದಕ್ಕೆ ನಾನು ಹೊಣೆ. ಬರಲಾಗದ ವಾಚಕರು ತಮಗೆ ರುಚಿಸಿದ ಪುಸ್ತಕದ ಹೆಸರನ್ನು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿಕೊಡಬೇಕಾಗಿ ಕೋರುತ್ತೇನೆ. ಒಂದೇ ಷರತ್ತು: ಎರಡು ಸಲ ಓದಿರಬೇಕು, ಎರಡನೆಯ ಸಲ ಯಾರ ಒತ್ತಾಯವೂ ಇದ್ದಿರಬಾರದು.